ಗುಡ್ಡ ತೋರಿಸಿದ ದುರ್ಬೀನು

ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು: ಮರದ ಮೇಲಿನ ಕರಿಮೂತಿಯ ಕೋತಿ, ಮುಸುವ, ಸರಿ ಎನ್ನುವ ತನಕ ಕೆಳಗಿನ ಜಿಂಕೆ ಹುಲ್ಲಿಗೆ ಬಾಯಿ ಹಾಕುವಂತಿಲ್ಲ. ಕಾವಲಿನ ಮುದಿ ಮುಸುವನಿಗೆ ಈಚೆಗೆ ಕಣ್ಣು ಮಂಜಾಗಿತ್ತು. ಕಾಡು ನೋಡಲು ಬಂದವರು ಬಂಡೆಯ ಮೇಲೆ ಎರಡು ದುರ್ಬೀನುಗಳನ್ನು ಮರೆತುಹೋದಾಗ ಅವನು ಅವುಗಳ ಮುಂದೆ ಹೋಗಿ ಕುಳಿತ.

“ನನ್ನನ್ನು ಎತ್ತಿಕೊಳ್ಳಿ,” ಎಂದಿತು ದೊಡ್ಡದು. “ಹೊಳೆಯಾಚೆಯ ಗುಡ್ಡದಲ್ಲಿರುವ ಹುಲಿಯ ಮೀಸೆ ತೋರಿಸುತ್ತೇನೆ.”

“ನೀವು ಕಾಯುವುದು ಗುಡ್ಡವನ್ನೋ, ಮರದ ಬುಡವನ್ನೋ?” ಎಂದು ಕೇಳಿತು ಚಿಕ್ಕದು. “ಮೀಸೆ ನನ್ನ ಕೈಲಾಗದು. ಬುಡದ ಪೊದೆಗಳನ್ನೆಲ್ಲ ಒಂದೇ ನೋಟಕ್ಕೆ ತೋರಿಸಬಲ್ಲೆ.”

ಮುಸುವನಿಗೆ ಸಿಟ್ಟು ಬಂತು. “ಬುಡ ನೋಡುವುದಕ್ಕೂ ದುರ್ಬೀನೇ? ಕಾಡೆಲ್ಲ ನಕ್ಕೀತು!” ಎಂದವನೇ ದೊಡ್ಡದನ್ನು ಕೊರಳಿಗೆ ಹಾಕಿಕೊಂಡು ಮರ ಹತ್ತಿದ.

ಗುಡ್ಡದ ಮೇಲೆ ನಿಜಕ್ಕೂ ಹುಲಿಯೊಂದು ಮಲಗಿತ್ತು. ಮೀಸೆಯೂ ಕಂಡಿತು.

“ಮಾವ, ಮೇಯಬಹುದೇ?” ಎಂದಿತು ಜಿಂಕೆ.

“ಮೇಯಿ ಮಗಳೇ. ಹುಲಿ ಗುಡ್ಡದ ಮೇಲೆ ನಿದ್ದೆ ಹೊಡೆಯುತ್ತಿದೆ.”

ಹುಲ್ಲು ಕೀಳುವ ಸದ್ದು ಕೇಳಿಬಂತು. ಸ್ವಲ್ಪ ಹೊತ್ತಿಗೆ ಅದು ತಟಕ್ಕನೆ ನಿಂತಿತು. ಮುಸುವ ದುರ್ಬೀನನ್ನು ಕೆಳಕ್ಕೆ ತಿರುಗಿಸಿದ. ಗಾಜಿನ ತುಂಬ ಬರೀ ಹಳದಿ ಮಬ್ಬು ಅಲುಗಾಡುತ್ತಿತ್ತು.

“ಏನದು?” ಎಂದ.

“ಇಷ್ಟು ಹತ್ತಿರದ್ದು ನನಗೆ ತಿಳಿಯದು,” ಎಂದಿತು ದುರ್ಬೀನು.

ಆಗ ಮರದ ಬುಡದಿಂದ ಯಾರೋ ಬಾಯಿ ನೆಕ್ಕಿಕೊಳ್ಳುತ್ತ ಮೆಲ್ಲನೆ ಕೇಳಿದರು: “ಮಾವ, ಗುಡ್ಡದ ಮೇಲೆ ನನ್ನ ತಮ್ಮ ಇನ್ನೂ ಮಲಗಿಯೇ ಇದ್ದಾನೆಯೇ?”