ಬೋರಲಿಟ್ಟ ಐದು ಫೋನುಗಳು

"ಗುರುಗಳೇ, ಹತ್ತು ಲಕ್ಷ ಜಪ ಮೊನ್ನೆಗೆ ಮುಗಿಯಿತು. ಇಷ್ಟು ಸಲ ಕರೆದರೂ ದೇವರಿಂದ ಒಂದು ಮಾತು ಬರಲಿಲ್ಲ. ಯಾಕೆ?"

ಕೇಳಿದವನು ನಾಲ್ಕು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಅವನ ತೋರುಬೆರಳಿನಲ್ಲಿ ಉಂಗುರದಂತೆ ಹಾಕಿಕೊಳ್ಳುವ ಎಣಿಕೆಯ ಯಂತ್ರವಿತ್ತು. ಗುಂಡಿಯನ್ನು ಒಂದು ಸಲ ಒತ್ತಿದರೆ ಅಂಕಿ ಒಂದು ಏರುತ್ತದೆ. ಪ್ರಶ್ನೆ ಕೇಳುವಾಗಲೂ ಅವನ ಹೆಬ್ಬೆರಳು ಅದನ್ನು ಒತ್ತುತ್ತಲೇ ಇತ್ತು.

ಗುರುಗಳು ಆ ಬೆರಳನ್ನು ನೋಡಿದರು. "ಕೂತುಕೋ ತಮ್ಮಾ" ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಹೆಸರು ದಾಕ್ಷಾಯಣಿ. ಬೀದಿಗೆಲ್ಲ ದಾಕ್ಷಾಯಣಕ್ಕ. ಅವಳಿಗೆ ಒಬ್ಬ ಗಾಯಕಿ ಎಂದರೆ ಪ್ರಾಣ. ಆ ಗಾಯಕಿ ಹಾಡುವುದಷ್ಟೇ ಅಲ್ಲ, ಹಾಡಿನ ಚಿತ್ರದಲ್ಲಿ ತಾನೇ ಕಾಣಿಸಿಕೊಳ್ಳುತ್ತಿದ್ದಳು. ಆಗ ಅವು ಬರುತ್ತಿದ್ದದ್ದು ಟೀವಿಯಲ್ಲಿ ಮಾತ್ರ, ಭಾನುವಾರ ಸಂಜೆ ಐದೂವರೆಗೆ, ಅರ್ಧ ಗಂಟೆ. ಯಾವ ಹಾಡು ಬರುತ್ತದೆ ಎಂದು ಮೊದಲೇ ಯಾರಿಗೂ ತಿಳಿಯದು. ಬಂದ ಹಾಡು ಮತ್ತೆ ಯಾವಾಗ ಬರುತ್ತದೆ ಎಂದೂ ತಿಳಿಯದು.

ಐದು ಗಂಟೆಗೇ ದಾಕ್ಷಾಯಣಿಯ ಬಾಗಿಲ ಮುಂದೆ ಎಂಟು ಹತ್ತು ಜೊತೆ ಚಪ್ಪಲಿ ಸೇರುತ್ತಿತ್ತು. ಹಾಡು ಶುರುವಾದರೆ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಮುಗಿದ ಮೇಲೆ, ನೋಡಿದ್ದನ್ನು ಎಲ್ಲರೂ ಸೇರಿ ನೆನಪಿಸಿಕೊಳ್ಳುತ್ತಿದ್ದರು. ಒಬ್ಬಳು ಬಳೆಯ ಬಣ್ಣ ಹೇಳುವಳು. ಇನ್ನೊಬ್ಬಳು ಎರಡನೆಯ ಚರಣದ ಸಾಲು ಹೇಳುವಳು. ದಾಕ್ಷಾಯಣಿ ತೋಳು ಹೇಳುವಳು. ರವಿಕೆಯ ತೋಳು ಎಲ್ಲಿ ನೆರಿಗೆ ತೆಗೆದುಕೊಂಡಿದೆ, ಎಲ್ಲಿ ಬಿಗಿದಿದೆ, ಎಷ್ಟು ಬೆರಳು ಅಂಚು. ಒಂದೇ ಸಲ ನೋಡಿದ್ದನ್ನು ಅವಳು ನೋಟುಬುಕ್ಕಿನಲ್ಲಿ ಚಿತ್ರ ಬರೆದು, ಕೆಳಗೆ ತಾರೀಖು ಹಾಕುತ್ತಿದ್ದಳು. ಮರುವಾರ ಆ ತೋಳು ಊರಿನ ಹೆಣ್ಣುಮಕ್ಕಳ ಮೈಮೇಲೆ ಇರುತ್ತಿತ್ತು.

ಒಂದು ಭಾನುವಾರ ಅವಳಿಗೆ ಒಂದು ತಪ್ಪು ಕಾಣಿಸಿತು. ಗಾಯಕಿ ಕೈ ಎತ್ತಿದಾಗಲೆಲ್ಲ ರವಿಕೆ ಎಳೆಯುತ್ತಿತ್ತು. ಆ ಎಳೆತಕ್ಕೆ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಡಿನಲ್ಲಿ ಕೈ ಪೂರ್ತಿ ಮೇಲೇಳಬೇಕಾದ ಜಾಗ ಅದು. ದಾಕ್ಷಾಯಣಿಗೆ ಸಂಕಟವಾಯಿತು. ಅವಳು ಗಾಯಕಿಗೆ ಕಾಗದ ಬರೆದಳು. ಮೊದಲ ಹಾಳೆಯಲ್ಲಿ ತನ್ನ ಹೆಸರು, ಊರು, ನಮಸ್ಕಾರ. ಎರಡನೆಯದರಲ್ಲಿ ತೋಳಿನ ಚಿತ್ರ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಕಂಕುಳ ಕೆಳಗೆ ಒಂದು ಸಣ್ಣ ತುಂಡು ಸೇರಿಸಿದರೆ ಕೈ ಆರಾಮವಾಗಿ ಏಳುತ್ತದೆ ಎಂದು ಬಿಡಿಸಿ ಬರೆದಳು. ಕೊನೆಗೆ, "ಒಂದೇ ಒಂದು ಸಲ ನಿಮಗೆ ನನ್ನ ಕೈಯಿಂದ ಹೊಲಿದು ಕೊಡಬೇಕು ಅಂತ ಆಸೆ" ಎಂದು ಸೇರಿಸಿದಳು.

ಇದನ್ನು ಯಾರಿಗೂ ಹೇಳಲಿಲ್ಲ. ಉತ್ತರ ಬಾರದಿದ್ದರೆ ನಗುತ್ತಾರೆ ಎಂದು ಸುಮ್ಮನಿದ್ದಳು. ಉತ್ತರ ಬರಲೂ ಇಲ್ಲ. ಆದರೂ ಅಂಚೆಯವನ ಸೈಕಲ್ಲಿನ ಸದ್ದು ಕೇಳಿದರೆ ಹೊಲಿಗೆ ಯಂತ್ರದ ಮೇಲಿನ ಅವಳ ಕಾಲು ನಿಲ್ಲುತ್ತಿತ್ತು.

ಎಂಟು ವರ್ಷ ಹೋಯಿತು. ಎಲ್ಲರ ಕೈಗೂ ಫೋನು ಬಂತು. ಹಾಡಿಗಾಗಿ ಭಾನುವಾರದ ದಾರಿ ಕಾಯುವುದು ತಪ್ಪಿತು. ಬೇಕೆಂದಾಗ ಹಾಡು, ಬೇಕಾದಷ್ಟು ಸಲ. ಮೊದಮೊದಲು ದಾಕ್ಷಾಯಣಿಗೆ ಸ್ವರ್ಗ ಸಿಕ್ಕಿದಂತಾಯಿತು. ಹಾಡನ್ನು ನಡುವೆ ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿ, ದಾರದ ಎಳೆ ಎಣಿಸುವಳು. ಟೀವಿಯಲ್ಲಿ ಕಾಣದ ಎಷ್ಟೋ ಸಂಗತಿ ಅದರಲ್ಲಿ ಕಂಡಿತು. ಅದರಲ್ಲಿ ಏನೂ ತಪ್ಪಿರಲಿಲ್ಲ.

ಆಮೇಲೆ ಅವಳ ಕಣ್ಣು ಹಾಡಿನ ಕೆಳಗಿದ್ದ ಅಂಕಿಯ ಮೇಲೆ ಬಿತ್ತು. ಎಷ್ಟು ಸಲ ನೋಡಲಾಗಿದೆ ಎಂಬ ಅಂಕಿ.

ಎದುರಿನ ಬಳೆ ಅಂಗಡಿಯವಳು ಬೇರೊಬ್ಬ ಗಾಯಕಿಯ ಅಭಿಮಾನಿ. ಒಂದು ದಿನ ಬಾಗಿಲಲ್ಲಿ ನಿಂತೇ ಕೂಗಿದಳು: "ಏನ್ ದಾಕ್ಷಾಯಣಕ್ಕಾ, ನಿಮ್ಮವಳ ಹೊಸ ಹಾಡು ಇನ್ನೂ ಎಂಬತ್ತು ಲಕ್ಷದಲ್ಲೇ ಕೂತಿದೆಯಂತೆ? ನಮ್ಮವಳದು ಕೋಟಿ ದಾಟಿ ಮೂರು ದಿನ ಆಯ್ತು. ಬೇಕಾದ್ರೆ ಒಂದೆರಡು ಲಕ್ಷ ಕೈಗಡ ಕೊಡ್ತೀನಿ!"

ಬೀದಿಯೇ ನಕ್ಕಿತು. ದಾಕ್ಷಾಯಣಿಗೆ ಊಟ ಸೇರಲಿಲ್ಲ. ಆ ಹಾಡು ಬಂದು ಆಗ ಎರಡೇ ದಿನವಾಗಿತ್ತು. ಕೈ ತುಂಬ ಕೆಲಸವಿದ್ದುದರಿಂದ ಅವಳು ಅದನ್ನಿನ್ನೂ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಐದು ಫೋನುಗಳನ್ನು ಸಾಲಾಗಿ ಇಟ್ಟರು. ಒಂದು ಅವಳದು, ಒಂದು ಅವಳ ಗಂಡನದು, ಮೂರು ಗೆಳತಿಯರವು. ಐದರಲ್ಲೂ ಅದೇ ಹಾಡು. ಮುಗಿದರೆ ತಾನೇ ಮತ್ತೆ ಶುರು. ಐದೂ ಒಟ್ಟಿಗೆ ಹಾಡಿದರೆ ಅಳತೆ ಕೊಡಲು ಬಂದವರ ಮಾತು ಕೇಳಿಸದು. ಅದಕ್ಕೆ ಧ್ವನಿ ತೆಗೆದರು. ಮಿನುಗುವ ಬೆಳಕು ಸೂಜಿಗೆ ದಾರ ಪೋಣಿಸುವವರ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಬೋರಲು ಹಾಕಿದರು. ನೋಟುಬುಕ್ಕಿನಲ್ಲಿ ತೋಳುಗಳ ಚಿತ್ರವಿದ್ದ ಹಾಳೆಯ ಮುಂದಿನ ಹಾಳೆಯಲ್ಲಿ ದಾಕ್ಷಾಯಣಿ ಅಂಕಿ ಬರೆಯತೊಡಗಿದಳು. ಬೆಳಿಗ್ಗೆ ಎಂಟಕ್ಕೆ ಎಂಬತ್ತಮೂರು ಲಕ್ಷ. ಸಂಜೆ ಆರಕ್ಕೆ ಎಂಬತ್ತೈದು. ಏರಿದ್ದೆಲ್ಲ ಅವಳಿಂದಲೇ ಅಲ್ಲ. ಅವಳಂಥವರು ಊರೂರಿನಲ್ಲಿ ಇದ್ದರು.

ನಾಲ್ಕನೆಯ ದಿನ, ಹೂ ಕಟ್ಟುವ ಪಂಕಜ ರವಿಕೆ ಬಟ್ಟೆ ಕೊಡಲು ಬಂದವಳು ಹೇಳಿದಳು: "ಅಕ್ಕಾ, ಹಾಡು ಮುಗಿದ ಮೇಲೆ ಆಕೆ ಏನೋ ಮಾತಾಡ್ತಾರಂತೆ. ಕೇಳಿದ್ರಾ?"

"ಎಲ್ಲಿ ಓಡಿ ಹೋಗುತ್ತೆ ಬಿಡೇ, ಫೋನಲ್ಲೇ ಇರುತ್ತಲ್ಲ" ಎಂದಳು ದಾಕ್ಷಾಯಣಿ. "ಈಗ ಮುಟ್ಟಬೇಡ. ನಿಂತರೆ ಲೆಕ್ಕ ತಪ್ಪುತ್ತೆ."

ಹನ್ನೊಂದನೆಯ ದಿನ ಕೋಟಿ ಆಯಿತು. ದಾಕ್ಷಾಯಣಿ ಬೀದಿಯ ಮನೆಮನೆಗೂ ಪೇಢೆ ಹಂಚಿದಳು. ಬಳೆ ಅಂಗಡಿಗೆ ಎರಡು ಹೆಚ್ಚು. ಆ ಹೊತ್ತಿಗೆ ಆ ಹಾಡಿನ ಹೆಸರು ಕೇಳಿದರೆ ಅವಳಿಗೆ ಸುಸ್ತಾಗುತ್ತಿತ್ತು. ಮುಂದೆ ನಿಧಾನವಾಗಿ ನೋಡೋಣ ಎಂದುಕೊಂಡಳು. ಮದುವೆಗಳ ಕಾಲ ಬಂತು, ಹೊಲಿಗೆ ರಾಶಿ ಬಿತ್ತು, ಮರೆತಳು.

ಮುಂದಿನ ದೀಪಾವಳಿ ಹತ್ತಿರವಾದಾಗ ಪಕ್ಕದ ಬೀದಿಯ ಹುಡುಗಿ ಬಟ್ಟೆ ತಂದಳು. ಫೋನು ಮುಂದೆ ಹಿಡಿದು, "ಅಕ್ಕಾ, ನನಗೆ ಇದೇ ತೋಳು ಬೇಕು" ಎಂದಳು.

ದಾಕ್ಷಾಯಣಿ ನೋಡಿದಳು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದರು. ಕಂಕುಳ ಕೆಳಗೆ ಒಂದು ಸಣ್ಣ ತುಂಡು ಇತ್ತು. ಅದು ಅವಳು ಬರೆದ ತೋಳು.

"ಇದು ಯಾವ ಹಾಡಮ್ಮಾ?"

ಹುಡುಗಿ ನಕ್ಕಳು. "ಏನಕ್ಕಾ ನೀವು! ಇದಕ್ಕೆ ಕೋಟಿ ಆಯ್ತು ಅಂತ ನೀವೇ ನಮ್ಮನೆಗೆ ಪೇಢೆ ಕೊಟ್ಟಿದ್ರಿ."

ದಾಕ್ಷಾಯಣಿ ಫೋನನ್ನು ಕೈಗೆ ತೆಗೆದುಕೊಂಡಳು. ಹೊಲಿಗೆ ಯಂತ್ರಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿದಳು. ಧ್ವನಿ ಏರಿಸಿದಳು. ಭಾನುವಾರ ಸಂಜೆ ಕೂರುತ್ತಿದ್ದ ಹಾಗೆ ಕೂತು ಹಾಡನ್ನು ಮೊದಲಿನಿಂದ ನೋಡಿದಳು. ಮೂರೂವರೆ ನಿಮಿಷ. ಹಾಡು ಮುಗಿಯಿತು. ಗಾಯಕಿ ಮುಂದೆ ಬಂದು ನಿಂತು, ಒಂದು ಹಳೆಯ ಹಾಳೆಯನ್ನು ಎತ್ತಿ ತೋರಿಸಿದಳು.

"ಎಷ್ಟೋ ವರ್ಷದ ಹಿಂದೆ ಒಬ್ಬ ಅಕ್ಕ ನನಗೆ ಈ ಚಿತ್ರ ಬರೆದು ಕಳಿಸಿದ್ದರು. ಮನೆ ಬದಲಿಸುವಾಗ ಹೆಸರಿದ್ದ ಹಾಳೆ ಕಳೆದುಹೋಯಿತು. ನಾನು ಹೊಲಿಸಿ ನೋಡಿದೆ. ಚೆನ್ನಾಗಿದೆ. ಆದರೂ ಎಡಗೈ ಎತ್ತಿದರೆ ಸ್ವಲ್ಪ ಎಳೆಯುತ್ತದೆ. ಯಾಕೆ ಅಕ್ಕಾ? ಯುಗಾದಿಗೆ ನನ್ನ ಕೊನೆಯ ಕಚೇರಿ. ಅಂದು ನಿಮ್ಮ ಕೈಯಿಂದ ಹೊಲಿದದ್ದನ್ನೇ ಹಾಕಿಕೊಳ್ಳಬೇಕು ಅಂತ ಆಸೆ. ಈ ಹಾಡು ನೋಡಿದರೆ ಎರಡು ಸಾಲು ಬರೆಯಿರಿ. ಅಲ್ಲಿಯ ತನಕ ಕಾಯುತ್ತೇನೆ."

ಹಾಡಿನ ಕೆಳಗೆ ನಾನೇ ಆ ಅಕ್ಕ ಎಂದು ಮುನ್ನೂರು ಜನ ಬರೆದಿದ್ದರು. ಎಡಗೈ ಯಾಕೆ ಎಳೆಯುತ್ತದೆ ಎಂದು ಒಬ್ಬರೂ ಬರೆದಿರಲಿಲ್ಲ.

ಯುಗಾದಿ ಕಳೆದು ಏಳು ತಿಂಗಳಾಗಿತ್ತು.

"ಆ ತುಂಡನ್ನು ತಿರುಗಿಸಿ ಹಾಕಿದ್ದಾರೆ ತಾಯೀ" ಎಂದಳು ದಾಕ್ಷಾಯಣಿ ಆ ಫೋನಿಗೆ. "ಬಿಚ್ಚಿ ತಿರುಗಿಸಿ ಹೊಲಿದರೆ ಸಾಕಿತ್ತು. ಕಾಲು ಗಂಟೆಯ ಕೆಲಸ."

ಹುಡುಗಿಯ ಅಳತೆ ತೆಗೆದು ಕಳಿಸಿದ ಮೇಲೆ ಅವಳು ನೋಟುಬುಕ್ಕು ತೆರೆದಳು. ಹನ್ನೊಂದು ದಿನದ ಅಂಕಿಗಳು ಅಚ್ಚುಕಟ್ಟಾಗಿ ಇದ್ದವು. ಒಂದು ಫೋನಿನಲ್ಲಿ ಗಂಟೆಗೆ ಹದಿನೈದು ಸಲ. ಐದು ಫೋನು, ದಿನಕ್ಕೆ ಹತ್ತು ಗಂಟೆ. ಕೂಡಿಸಿ ನೋಡಿದಳು. ಎಂಟು ಸಾವಿರದ ಇನ್ನೂರೈವತ್ತು. ಅಷ್ಟು ಸಲ ಆ ಗಾಯಕಿ, ಅದೇ ಮೇಜಿನ ಮೇಲೆ, ಅವಳ ಮೊಣಕೈಯ ಪಕ್ಕದಲ್ಲಿ, ಯಾಕೆ ಅಕ್ಕಾ ಎಂದು ಅವಳನ್ನೇ ಕೇಳಿದ್ದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. "ಎಂಥ ಹೆಂಗಸು ಗುರುಗಳೇ! ಅಷ್ಟು ಸಲದಲ್ಲಿ ಒಂದು ಸಲ ಆ ಫೋನನ್ನು ಮಗುಚಿ ನೋಡಬಾರದಿತ್ತೆ?"

ಗುರುಗಳು ಅವನ ಬೆರಳಿನ ಯಂತ್ರದತ್ತ ಕೈ ತೋರಿಸಿದರು. "ನಾನು ಕತೆ ಹೇಳಿ ಮುಗಿಸುವಷ್ಟರಲ್ಲಿ ಅದರಲ್ಲಿ ಎಷ್ಟು ಏರಿತು, ತಮ್ಮಾ?"

ಶಿಷ್ಯನ ಹೆಬ್ಬೆರಳು ನಿಂತಿತು.