ಮೂರು ಸಾಲಿನ ದೋಣಿ

ಈ ಸಲ ಹೇಳೋದರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಬೇಕಾದರೆ ಈ ಕಂಬ ಮುಟ್ಟಿ ಆಣೆ ಮಾಡ್ತೀನಿ. ಹೋದ ಸಲ ಆನೆ ತೆಂಗಿನಮರ ಹತ್ತಿತು ಅಂದೆನಲ್ಲ, ಅದು ಸ್ವಲ್ಪ ಹೆಚ್ಚಾಗಿತ್ತು, ಒಪ್ಪಿಕೊಂಡೆ. ಇದು ಹಾಗಲ್ಲ. ಸುಗುಣಿ, ನಿನ್ನ ಮಗ್ಗಿ ಪುಸ್ತಕದ ಹಾಳೆ ಆಮೇಲೆ ಹುಡುಕಿದರಾಯ್ತು ಕಣವ್ವಾ. ಅದೆಲ್ಲಿಗೂ ಹಾರಿ ಹೋಗಲ್ಲ. ಬಾ, ತಾತನ ಪಕ್ಕ ಕೂತ್ಕೋ.

ಒಂದು ಕಾಡಿನಲ್ಲಿ ಒಂದು ಕೆರೆ ಇತ್ತು. ಕೆರೆ ನಡುವೆ ಒಂದು ನಡುಗಡ್ಡೆ. ನಡುಗಡ್ಡೆ ತುಂಬ ಹಕ್ಕಿಗಳು. ಎಷ್ಟು ಹಕ್ಕಿ ಅಂದರೆ, ಈ ಕಡೆ ಒಂದು ಸೀನಿದರೆ ಆ ಕಡೆ ಒಂದು ನೀರಿಗೆ ಬೀಳ್ತಿತ್ತು. ಅಲ್ಲಿ ದಡದಲ್ಲೇ ಒಂದು ಕುಳ್ಳ ಗಿಡದಲ್ಲಿ ಸಿಂಪವ್ವ ಇದ್ದಳು. ಸಿಂಪಿಗ ಹಕ್ಕಿ, ಎಲೆ ಹೊಲಿದು ಗೂಡು ಮಾಡುತ್ತಲ್ಲ, ಅದು. ಹೆಬ್ಬೆಟ್ಟಿನಷ್ಟು ಮೈ, ಸೂಜಿಯಂಥ ಕೊಕ್ಕು. ಎರಡು ಎಲೆ ಮಡಚಿ, ನಾರು ಪೋಣಿಸಿ ಹೊಲಿದು, ಒಳಗೆ ನಾಲ್ಕು ಮೊಟ್ಟೆ ಇಟ್ಟಿದ್ದಳು. ಗೂಡು ನೆಲದಿಂದ ಮೂರೇ ಗೇಣು ಎತ್ತರ. ಸುತ್ತ ನೀರಿದೆಯಲ್ಲ, ಯಾರು ಬರ್ತಾರೆ ಅನ್ನೋ ಧೈರ್ಯ.

ಒಂದು ಚಳಿಗಾಲ ಆ ಕೆರೆಗೆ ಜಪಾನಿನಿಂದ ಒಬ್ಬಳು ಕೊಕ್ಕರಜ್ಜಿ ಬಂದಳು. ರೆಕ್ಕೆ ಕೆಳಗೆ ಸಾವಿರ ಹಾಳೆ ಕಾಗದ ಇಟ್ಟುಕೊಂಡು ಬಂದಳು. ಅಷ್ಟು ಹೊತ್ಕೊಂಡು ಹೇಗೆ ಹಾರಿದಳು ಅಂತೀಯಾ? ಐನೂರು ಈ ರೆಕ್ಕೆ ಕೆಳಗೆ, ಐನೂರು ಆ ರೆಕ್ಕೆ ಕೆಳಗೆ. ತೂಕ ಸರಿಹೋಯ್ತಲ್ಲ.

ಅಜ್ಜಿ ಆ ಹಕ್ಕಿಗಳಿಗೆ ಎರಡು ವಿದ್ಯೆ ಕಲಿಸಿದಳು. ಒಂದು, ಕಾಗದ ಮಡಚೋದು. ಕತ್ತರಿ ಇಲ್ಲ, ಅಂಟಿಲ್ಲ, ಬರೀ ಮಡಿಕೆ. ಮಡಚಿ ಮಡಚಿ ಕೊನೆಗೆ ಬಾಲ ಹಿಡಿದು ಎಳೆದರೆ ಕಾಗದ ರೆಕ್ಕೆ ಬಡೀತಿತ್ತು. ಇನ್ನೊಂದು, ಹೈಕು. ಹೈಕು ಅಂದರೆ ಮೂರೇ ಸಾಲಿನ ಪದ್ಯ. ಮೊದಲ ಸಾಲಿಗೆ ಐದಕ್ಷರ, ನಡುವಿನದಕ್ಕೆ ಏಳು, ಕೊನೇದಕ್ಕೆ ಐದು. ದಿನಾ ಬೆಳಗ್ಗೆ ಎಲ್ಲರೂ ಸೇರೋರು. ಒಬ್ಬರು ಪದ್ಯ ಹೇಳೋರು. ಉಳಿದೋರು ಕಣ್ಣು ಮುಚ್ಚಿ ಕೇಳಬೇಕು. ಅದು ಅಜ್ಜಿ ತಂದ ಪದ್ಧತಿ. ಆಮೇಲೆ ಆ ಪದ್ಯಾನ ಹಾಳೆ ಮೇಲೆ ಬರೆದು, ಹಕ್ಕಿ ಮಡಚಿ, ಕೊಂಬೆಗೆ ತೂಗುಹಾಕೋರು.

ಮೊದಲ ದಿನ ಅಜ್ಜಿ ತನ್ನ ಮೇಲೇ ಒಂದು ಹೇಳಿಕೊಂಡಳು:

ಒಂಟಿ ಕಾಲಲ್ಲಿ
ನಿಂತಿದೆ ಬಿಳಿ ಮೋಡ
ಮೀನಿಗೆ ಭಯ

ಕೆರೆಯಲ್ಲಿದ್ದ ಮೀನುಗಳೂ ಹೌದು ಹೌದು ಅಂದವು. ಎರಡನೇ ದಿನ ಸಿಂಪವ್ವನ ಸರದಿ. ಅವಳು ಮೊಟ್ಟೆ ಕಡೆ ನೋಡಿಕೊಂಡು ಹೇಳಿದಳು:

ಎಲೆ ಮಡಚಿ
ಹೊಲಿದ ತೊಟ್ಟಿಲಲ್ಲಿ
ನಾಳೆಯ ಹಾಡು

ಬೆರಳು ಮಡಚಿ ಎಣಿಸ್ತಾ ಇದೀಯಾ? ಎಣಿಸು, ಎಣಿಸು. ಸರಿಯಾಗೇ ಇದೆ.

"ಅಜ್ಜೀ, ಚೆನ್ನಾಗಿದೆ, ಆದರೆ ಇನ್ನೊಂದು ಸಾಲು ಸೇರಿಸಿದ್ದರೆ?" ಅಂದಳು ನೀರುಕೋಳಿ. ಅವಳಿಗೆ ಊಟವಾದರೂ ಅಷ್ಟೆ, ಇನ್ನೊಂದು ತುತ್ತು ಬೇಕು.

"ಬೇಡ ಮಗಾ. ಮೂರಾದ ಮೇಲೆ ಕೊಕ್ಕು ಮುಚ್ಚು. ಉಳಿದದ್ದು ಕೇಳೋರ ಪಾಲು" ಅಂದಳು ಅಜ್ಜಿ.

ಇದನ್ನೆಲ್ಲ ಆಚೆ ದಡದ ಪೊದೆಯಲ್ಲಿ ಕೂತು ಒಬ್ಬ ಕೇಳ್ತಿದ್ದ. ನರಿಯಪ್ಪ. ಅವನಿಗೆ 'ನಾಳೆಯ ಹಾಡು' ಅಂದಿದ್ದು ಕಿವಿಗೆ ಬೀಳಲಿಲ್ಲ, ಸೀದಾ ಹೊಟ್ಟೆಗೆ ಬಿತ್ತು. ಈಜಿಕೊಂಡು ಹೋಗೋಣ ಅಂದರೆ ಬಳಬಳ ಸದ್ದಾಗುತ್ತೆ. ನೂರು ಕೊಕ್ಕು ಬಂದು ತಲೆ ಕುಕ್ಕುತ್ತವೆ. ಅವರಾಗೇ ಕರೆದು, ಅವರಾಗೇ ಕಣ್ಣು ಮುಚ್ಚಿಕೊಂಡು ಕೂತರೆ?

ಅವತ್ತಿಂದ ನರಿಯಪ್ಪ ಪೊದೆಯಲ್ಲಿ ಪದ್ಯ ಕಟ್ಟೋದು ಕಲಿತ. ನಾರು ಹುಡುಕೋಕೆ ಆ ದಡಕ್ಕೆ ಹೋಗ್ತಿದ್ದ ಸಿಂಪವ್ವನಿಗೆ ಅದು ಕೇಳಿಸ್ತಿತ್ತು. ಮೂರು ಸಾಲು ಹದವಾಗೇ ಕಟ್ತಿದ್ದ, ಮಹಾರಾಯ. ಆದರೆ ಪ್ರತಿ ಸಲಾನೂ ಕೊನೆಗೆ ಒಂದು ಬಾಲ ಅಂಟಿಸ್ತಿದ್ದ. 'ಭಲೇ ನರಿಯಾ' ಅಂತಲೋ, 'ನನಗೆ ನಾನೇ ಸಾಟಿ' ಅಂತಲೋ. ಸಿಂಪವ್ವ ನಾರು ಕಚ್ಚಿಕೊಂಡು ಸುಮ್ಮನೆ ಬಂದುಬಿಡ್ತಿದ್ದಳು.

ಒಂದು ಬೆಳಗ್ಗೆ ನರಿಯಪ್ಪ ಹಣೆಗೆ ಗಂಧ ಹಚ್ಚಿಕೊಂಡು, ಹೆಗಲ ಮೇಲೆ ಬಾಳೆಲೆ ಶಾಲು ಹೊದ್ದು ದಡದಲ್ಲಿ ನಿಂತ.

"ಕೊಕ್ಕರಜ್ಜೀ, ನಾನೂ ಒಬ್ಬ ಬಡ ಕವಿ. ನಿಮ್ಮ ಕೂಟದಲ್ಲಿ ಒಂದೇ ಒಂದು ಹೈಕು ಹೇಳೋ ಆಸೆ. ಹೇಳಿ ಹೊರಟುಬಿಡ್ತೀನಿ."

"ಅಜ್ಜೀ, ಅವನ ಮೀಸೆ ನೋಡಿ. ಪುಕ್ಕ ಅಂಟಿಕೊಂಡಿದೆ" ಅಂದಳು ಸಿಂಪವ್ವ.

"ಅದಾ ತಂಗೀ? ಅದು ನನ್ನ ಲೇಖನಿ" ಅಂದ ನರಿಯಪ್ಪ. "ಕವಿಗಳು ಪುಕ್ಕದಲ್ಲೇ ಅಲ್ವಾ ಬರೆಯೋದು?"

ನೀರುಕೋಳಿ ಕರಗಿ ನೀರಾದಳು. "ಪಾಪ, ಎಷ್ಟು ಓದಿಕೊಂಡೋರು" ಅಂದಳು. ಅಜ್ಜಿ ಕತ್ತು ಉದ್ದ ಮಾಡಿ ಯೋಚಿಸಿದಳು. ಹೈಕು ಹೇಳ್ತೀನಿ ಅಂತ ಬಂದೋರನ್ನ ತಿರುಗಿಸಿ ಕಳಿಸೋದು ಅವಳ ದೇಶದಲ್ಲಿ ಇರಲಿಲ್ಲ.

"ಸಿಂಪವ್ವಾ, ನಿನ್ನಷ್ಟು ಚೆನ್ನಾಗಿ ಮಡಚೋರು ಯಾರಿಲ್ಲ. ಅವನಿಗೊಂದು ದೋಣಿ ಮಡಚಿಕೊಡು" ಅಂದಳು. "ದೋಣಿಯಲ್ಲಿ ಬರ್ತಾ ಬರ್ತಾನೇ ಪದ್ಯ ಹೇಳಲಿ. ನಾವಿಲ್ಲಿ ಕಣ್ಣು ಮುಚ್ಚಿ ಕೇಳ್ತೀವಿ. ಚೆನ್ನಾಗಿದ್ದರೆ ಇಳಿಸಿಕೊಳ್ಳೋಣ."

ಸಿಂಪವ್ವ ತನ್ನ ಗೂಡಿನ ಕಡೆ ನೋಡಿದಳು. ಅವನು ಇಳಿಯೋ ಜಾಗ ಅವಳ ಗಿಡದ ಬುಡಾನೇ. ಉಳಿದೋರು ಕಣ್ಣು ಬಿಡೋ ಅಷ್ಟರಲ್ಲಿ ನಾಲ್ಕು ಮೊಟ್ಟೆ ಮುಗಿದಿರುತ್ತವೆ. ಆದರೆ ಅಜ್ಜಿ ಮಾತು ಮೀರೋ ಹಾಗಿಲ್ಲ. ಚಾಪೆಯಷ್ಟು ದೊಡ್ಡ ಹಾಳೆ ಕಚ್ಚಿಕೊಂಡು ಆಚೆ ದಡಕ್ಕೆ ಹಾರಿದಳು. ಹೆಬ್ಬೆಟ್ಟಿನಷ್ಟು ಹಕ್ಕಿ ಚಾಪೆಯಷ್ಟು ಹಾಳೆ ಹೇಗೆ ಎತ್ತಿತು ಅಂತ ಕೇಳಬೇಡ. ಗಾಳಿ ಇತ್ತು.

ಮಡಚೋಕೆ ಕೂತಳು. ಒಂದು ಮಡಿಕೆ ಸಡಿಲ ಬಿಟ್ಟರೆ ಸಾಕಿತ್ತು, ನಡುನೀರಲ್ಲೇ ದೋಣಿ ಬಿಚ್ಚಿಕೊಳ್ತಿತ್ತು. ಕೊಕ್ಕು ಅಲ್ಲಿಗೆ ಹೋಗಿ ಒಂದು ಗಳಿಗೆ ನಿಂತಿತು. ಆದರೆ ಮೋಸದ ಮಡಿಕೆ ಅವಳಿಗೆ ಬರ್ತಿರಲಿಲ್ಲ. ಹುಟ್ಟಿದಾಗಿನಿಂದ ತೊಟ್ಟಿಲು ಹೊಲಿದ ಕೊಕ್ಕು ಅದು. ಪ್ರತಿ ಮಡಿಕೇನೂ ಎರಡೆರಡು ಸಲ ಒತ್ತಿ, ಗಟ್ಟಿ ದೋಣಿ ಮಾಡಿದಳು.

"ನರಿಯಣ್ಣಾ, ಇರೋ ವಿಷಯ ಹೇಳಿಬಿಡ್ತೀನಿ" ಅಂದಳು. "ಇದು ಕಾಗದ. ಮೂರು ಸಾಲು ಹೇಳೋ ಅಷ್ಟು ಹೊತ್ತು ನೀರು ತಡೆಯುತ್ತೆ. ಅಷ್ಟರಲ್ಲಿ ದಡ ಬರುತ್ತೆ, ಹಾರಿಕೋ. ನಾಲ್ಕನೇ ಸಾಲಿಗೆ ಇದು ತಡೆಯಲ್ಲ."

"ಹೈಕು ಹೇಳೋನಿಗೇ ಲೆಕ್ಕ ಹೇಳಿಕೊಡ್ತೀಯಾ ತಂಗೀ?" ಅಂತ ನಕ್ಕು ನರಿಯಪ್ಪ ದೋಣಿ ಹತ್ತಿ ಕೂತ. ಬಾಲವೇ ಹುಟ್ಟು. ಬಾಲ ಆಡಿಸಿದ, ದೋಣಿ ಹೊರಟಿತು. ಸಿಂಪವ್ವ ಗೂಡಿನ ಹತ್ತಿರ ಬಂದು ಕೂತಳು. ಎಲ್ಲರೂ ಕಣ್ಣು ಮುಚ್ಚಿದರು. ಅವಳೊಬ್ಬಳು ಮುಚ್ಚಲಿಲ್ಲ.

ಕೆರೆ ನಡುವೆ

ದೋಣಿ ತೇಲಿತು.

ಹಕ್ಕಿಗಳ ಸಂಸಾರ

ಕಾಗದದ ತಳ ತಣ್ಣಗಾಯ್ತು. ನರಿಯಪ್ಪ ಇನ್ನೂ ಜೋರಾಗಿ ಬಾಲ ಆಡಿಸಿದ.

ಎಷ್ಟು ಚೆಂದವೋ

ಮೂರು ಸಾಲೂ ಮುಗಿದವು. ಒಂದಕ್ಷರ ತಪ್ಪಿರಲಿಲ್ಲ. ದಡ ಒಂದೇ ಗೇಣು. ಗೂಡು ಮೂಗಿನ ನೇರಕ್ಕೆ. ನರಿಯಪ್ಪ ಹಾರೋಕೆ ಮುಂಗಾಲು ಎತ್ತಿದ.

ಆಗ ಸಿಂಪವ್ವ ಮೆಲ್ಲಗೆ ಅಂದಳು, "ಇಷ್ಟೇನಾ ಅಣ್ಣಾ? ದೊಡ್ಡ ಕವಿ ಅಂದರು."

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಇಷ್ಟು ಜನ ಕಣ್ಣು ಮುಚ್ಚಿ ಕೇಳ್ತಾ ಇದ್ದಾರೆ. ಇಂಥ ಸಭೆ ಮತ್ತೆ ಯಾವಾಗ ಸಿಗಬೇಕು? ಇನ್ನೊಂದೇ ಸಾಲು, ಪ್ರಾಸ ಕೂಡ ತಾನಾಗೇ ಬರ್ತಾ ಇದೆ. ಎದುರಿಗೆ ನಾಲ್ಕು ಮೊಟ್ಟೆ ಹೊಳೀತಿವೆ. ನರಿಯಪ್ಪ ಶಾಲು ಸರಿಮಾಡಿಕೊಂಡು, ಕುತ್ತಿಗೆ ಎತ್ತಿ, ರಾಗವಾಗಿ ಹೇಳಿದ:

ಎಷ್ಟು ರುಚಿಯೋ

ನೂರು ಜೊತೆ ಕಣ್ಣು ಒಟ್ಟಿಗೆ ತೆರೆದವು.

"ರುಚೀನಾ?" ಅಂದಳು ನೀರುಕೋಳಿ.

ನರಿಯಪ್ಪ ಹಾರಿದ. ಹಾರೋಕೆ ಕಾಲು ಊರಬೇಕಲ್ಲ, ಊರಿದ ಕಾಲು ಹಪ್ಪಳದ ಹಿಟ್ಟಿಗೆ ಬೆರಳು ಇಳಿದ ಹಾಗೆ ಕಾಗದದೊಳಗೆ ಇಳಿದುಹೋಯ್ತು. ದಡ ಒಂದು ಗೇಣು ದೂರ ಇರೋವಾಗಲೇ ಕವಿ ಮುಳುಗಿದ. ಮೇಲೆದ್ದಾಗ ತಲೆ ಮೇಲೆ ಕೊಕ್ಕುಗಳ ಮಳೆ. ಬಳಬಳ ಈಜಿ ಆಚೆ ದಡ ಸೇರೋ ಹೊತ್ತಿಗೆ ಗಂಧ, ಶಾಲು, ಲೇಖನಿ ಒಂದೂ ಉಳಿದಿರಲಿಲ್ಲ.

ನೆನೆದ ಕಾಗದ ಮಾತ್ರ ಮೈತುಂಬ ಮೆತ್ತಿಕೊಂಡಿತ್ತು. ಬಿಸಿಲಿಗೆ ಒಣಗಿ ಗಟ್ಟಿಯಾಯ್ತು. ಒಂದು ತಿಂಗಳು ನರಿಯಪ್ಪ ಹೆಜ್ಜೆ ಇಟ್ಟರೆ ಪರಪರ, ತಿರುಗಿದರೆ ಚರಚರ. ಮೊಲಗಳು ಒಂದು ಹರಿದಾರಿ ದೂರದಿಂದಲೇ "ಓ, ಕವಿಗಳು ಬಂದರು" ಅಂತ ಬಿಲ ಸೇರೋವು. ಪಾಪ, ಆ ತಿಂಗಳೆಲ್ಲ ಅವನು ಹುಲ್ಲು ತಿಂದ.

ಸಿಂಪವ್ವನ ನಾಲ್ಕು ಮೊಟ್ಟೇನೂ ಮರಿಯಾದವು. ನಾಲ್ಕೂ ಐದು, ಏಳು, ಐದು ಅಂತ ಲೆಕ್ಕ ಇಟ್ಟೇ ಚಿಲಿಪಿಲಿ ಅಂದವು. ಕೊಕ್ಕರಜ್ಜಿ ಕೇಳಿ, ಮೆಚ್ಚಿ, ಮಾತಾಡದೆ ಕೊಕ್ಕು ಮುಚ್ಚಿಕೊಂಡಳು.

ನಂಬಿಕೆ ಬರಲಿಲ್ವಾ ಸುಗುಣಿ? ಕೇಳು ಹಾಗಾದರೆ. ಅಜ್ಜಿ ಜಪಾನಿಗೆ ವಾಪಸ್ ಹೋಗೋವಾಗ ಕೊನೇ ಹಾಳೇಲಿ ಒಂದು ಹಕ್ಕಿ ಮಡಚಿ ನಮ್ಮ ಮುತ್ತಾತನ ಕೈಗೇ ಕೊಟ್ಟು ಹೋದಳು. ಇನ್ನೂರು ವರ್ಷದ ಕಾಗದ. ಈ ಜೇಬಲ್ಲೇ ಇದೆ, ಇಗೋ ನೋಡು. ನಿಧಾನ, ನಿಧಾನ, ಬಿಚ್ಚಬೇಡ.

"ತಾತಾ, ಒಳಗೆ ಏಳರ ಮಗ್ಗಿ ಇದೆ."

"ಜಪಾನಲ್ಲೂ ಮಗ್ಗಿ ಇರುತ್ತೆ ಕಣವ್ವಾ."

"ಏಳೆಂಟ್ಲಿ ಐವತ್ನಾಲ್ಕು ಅಂತ ತಪ್ಪು ಬರೆದಿದೀನಿ. ಟೀಚರ್ ಕೆಂಪು ಪೆನ್ನಲ್ಲಿ ಸುತ್ತು ಹಾಕಿದಾರೆ. ಮೇಲೆ ನನ್ನ ಹೆಸರೂ ಇದೆ, ತಾತಾ."

ನೀತಿ: ಸಾಕು ಅನ್ನೋ ಕಡೆ ನಿಲ್ಲಿಸೋಕೆ ಬರದವನು, ದಡ ಒಂದು ಗೇಣು ಇರೋವಾಗಲೇ ಮುಳುಗ್ತಾನೆ.