ಮಾಳಮ್ಮನ ಇಪ್ಪತ್ತು ಅಂಕ

"ಗುರುಗಳೇ, ರಾಜ್ಯಮಟ್ಟದ ಪರೀಕ್ಷೆಯ ಅಂಕಪಟ್ಟಿ ಬಂದಿದೆ. ನನ್ನ ತರಗತಿಯ ಹನ್ನೊಂದು ಮಕ್ಕಳು ಸರಾಸರಿಗಿಂತ ಕೆಳಗಿದ್ದಾರೆ. ಇವರಿಗೆ ಓದು ಹತ್ತುವುದಿಲ್ಲವೆಂದು ತಿಳಿಯಬೇಕೆ?" ಎಂದು ಶಿಷ್ಯ ಕೇಳಿದ. ಅವನು ಮಠದ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಹೇಳುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಮೈಲಾರಪ್ಪನೆಂಬ ಕಂಬಳಿ ನೇಯುವವನಿದ್ದ. ಅವನ ಮಗಳು ಮಾಳಮ್ಮ ಐದನೆಯ ತರಗತಿಯಲ್ಲಿದ್ದಳು. ಇಂಥದೇ ಪರೀಕ್ಷೆ ನಡೆಯಿತು. ಕನ್ನಡಕ್ಕೆ ಇಪ್ಪತ್ತು, ಗಣಿತಕ್ಕೆ ಇಪ್ಪತ್ತು, ಒಟ್ಟು ನಲವತ್ತು ಅಂಕ. ರಾಜ್ಯದ ಸರಾಸರಿ ಇಪ್ಪತ್ತನಾಲ್ಕು. ಮಾಳಮ್ಮನಿಗೆ ಬಂದದ್ದು ಇಪ್ಪತ್ತು.

ಮೈಲಾರಪ್ಪ ಒಂದು ವಾರ ಮಗ್ಗದ ಮುಂದೆ ಕೂರಲಿಲ್ಲ. ಆಮೇಲೆ ಶಾಲೆಗೆ ಹೋಗಿ, ಶಕುಂತಲಾಬಾಯಿ ಎಂಬ ಶಿಕ್ಷಕಿಯ ಮುಂದೆ ನಿಂತ.

"ಮೇಡಂ, ಮಗಳ ಹೆಸರು ತೆಗೆದುಬಿಡಿ. ಅವಳು ದಡ್ಡಿ ಅಂತ ಸರ್ಕಾರವೇ ಹೇಳಿದ ಮೇಲೆ ನಾವು ಹಟ ಮಾಡಿ ಏನು ಬಂತು? ಮನೇಲಿ ಉಣ್ಣೆ ನೂಲಲಿ."

"ಸರ್ಕಾರ ನಿಮ್ಮ ಮಗಳನ್ನು ನೋಡಿಲ್ಲ ಮೈಲಾರಪ್ಪನವರೇ. ಅವಳು ಒಂದು ಬೆಳಗ್ಗೆ ಬರೆದದ್ದನ್ನು ನೋಡಿದೆ, ಅಷ್ಟೆ. ಕೂತ್ಕೊಳ್ಳಿ," ಎಂದು ಶಿಕ್ಷಕಿ ಉತ್ತರಪತ್ರಿಕೆ ತೆಗೆದಳು.

ಕನ್ನಡದಲ್ಲಿ ಹುಡುಗಿಗೆ ಹನ್ನೆರಡು ಅಂಕ ಬಂದಿತ್ತು. ರಾಜ್ಯದ ಸರಾಸರಿಗಿಂತ ಒಂದು ಹೆಚ್ಚು. ಗಣಿತದಲ್ಲಿ ಎಂಟು, ಸರಾಸರಿಗಿಂತ ಐದು ಕಡಿಮೆ. ತಪ್ಪಾದ ಹನ್ನೆರಡು ಲೆಕ್ಕಗಳಲ್ಲಿ ಒಂಬತ್ತು ಭಿನ್ನರಾಶಿಯವು. ಕೂಡುವುದು, ಕಳೆಯುವುದು ಎಲ್ಲವೂ ಸರಿಯಿದ್ದವು.

ಶಿಕ್ಷಕಿ ಇನ್ನೊಂದು ಮಗುವಿನ ಪತ್ರಿಕೆ ತೆಗೆದಳು. ಮತ್ತೊಂದು ತೆಗೆದಳು. ತರಗತಿಗೆ ಮೊದಲು ಬಂದ ಮಗುವೂ ಆ ಒಂಬತ್ತರಲ್ಲಿ ಏಳನ್ನು ತಪ್ಪು ಮಾಡಿತ್ತು. ಎಲ್ಲ ಪತ್ರಿಕೆಗಳನ್ನೂ ನೋಡಿದಾಗ, ತರಗತಿಯ ಇಪ್ಪತ್ತಾರು ಮಕ್ಕಳೂ ಅಲ್ಲಿಯೇ ಎಡವಿದ್ದರು.

ಅವಳು ಪತ್ರಿಕೆಗಳನ್ನು ಮೇಜಿನ ಮೇಲಿಟ್ಟಳು. ಭಿನ್ನರಾಶಿಯ ಪಾಠ ನಡೆಯಬೇಕಾಗಿದ್ದ ತಿಂಗಳಲ್ಲಿ ಅವಳ ತಾಯಿಗೆ ಪಾರ್ಶ್ವವಾಯು ಬಡಿದು, ಅವಳು ರಜೆಯಲ್ಲಿದ್ದಳು. ಅವಳ ಬದಲಿಗೆ ಯಾರೂ ಬಂದಿರಲಿಲ್ಲ. ಹಿಂದಿರುಗಿದ ಮೇಲೆ ಎರಡೇ ದಿನದಲ್ಲಿ ಲೆಕ್ಕಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸಿ, ಪಾಠ ಮುಗಿದಿದೆ ಎಂದು ಸಹಿ ಹಾಕಿದ್ದಳು.

ಎದುರಿಗಿದ್ದವನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಹೇಳದೆ ಇರಬಹುದಿತ್ತು. ಹುಡುಗಿಯ ಹೆಸರು ತೆಗೆದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳು ಎಲ್ಲವನ್ನೂ ಹೇಳಿದಳು.

ಮೈಲಾರಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಕಣ್ಣೀರು.

"ನನ್ನ ಕೂಸಿನ ತಲೇಲಿ ಏನೋ ಕಮ್ಮಿ ಅಂತ ಒಂದು ವಾರದಿಂದ ಅನ್ನ ಇಳಿದಿಲ್ಲ ಮೇಡಂ. ಇವತ್ತು ಉಣ್ತೀನಿ. ನಿಮ್ಮ ಉಪಕಾರ ಮರೆಯಲ್ಲ."

"ಉಪಕಾರ ನಿಮ್ಮದು. ನೀವು ಬಂದು ಕೇಳದಿದ್ದರೆ ನಾನು ಒಟ್ಟು ಅಂಕ ಮಾತ್ರ ನೋಡಿ ಇದನ್ನು ಬೀರುವಿನಲ್ಲಿ ಇಡ್ತಿದ್ದೆ."

ಮರುದಿನ ಮೈಲಾರಪ್ಪ ಮಗಳ ಜೊತೆ ಒಂದು ಕಂಬಳಿಯನ್ನೂ ಹೊತ್ತು ಬಂದ. ಮಕ್ಕಳು ಅದನ್ನು ನೆಲದ ಮೇಲೆ ಹಾಸಿ ಅರ್ಧಕ್ಕೆ ಮಡಿಚಿದರು, ಕಾಲು ಭಾಗಕ್ಕೆ ಮಡಿಚಿದರು, ಅರೆಕಾಲಿಗೆ, ಎಂದರೆ ಎಂಟನೇ ಒಂದು ಭಾಗಕ್ಕೆ, ಮಡಿಚಿದರು. ಎರಡು ಕಾಲು ಸೇರಿದರೆ ಅರ್ಧವೆಂದು ಯಾರೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ತಿಂಗಳು ಕಳೆದ ಮೇಲೆ ಶಿಕ್ಷಕಿ ಆ ಒಂಬತ್ತು ಲೆಕ್ಕಗಳಂಥವನ್ನೇ ಮತ್ತೆ ಕೊಟ್ಟಳು. ಮಾಳಮ್ಮ ಎಂಟನ್ನು ಸರಿ ಮಾಡಿದಳು. ನಾಲ್ಕು ಮಕ್ಕಳಿಗೆ ಆಗಲೂ ಬರಲಿಲ್ಲ. ಅವರನ್ನೂ ದಡ್ಡರೆನ್ನದೆ, ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ತೊಡಕು ಎಲ್ಲಿದೆಯೆಂದು ಹುಡುಕತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಮೊದಲು ಬಂದ ಅಂಕ ತಪ್ಪಾಗಿತ್ತೆ?"

"ಅಂಕ ಸರಿಯಾಗಿಯೇ ಇತ್ತಪ್ಪ, ಅದು ಯಾರದೆಂದು ಓದುವುದರಲ್ಲಿ ತಪ್ಪಾಗಿತ್ತು."

ಶಿಷ್ಯ ಮಕ್ಕಳ ಉತ್ತರಪತ್ರಿಕೆಗಳನ್ನೂ ತಾನು ಮಾಡಿದ ಪಾಠಗಳ ಪಟ್ಟಿಯನ್ನೂ ತರಲು ಎದ್ದ.